ಒಡೆದದ್ದಕ್ಕೆಲ್ಲ ಟೇಪು

ಊರಿಗೊಬ್ಬ ಪೆದ್ದ ಇದ್ದೇ ಇರುತ್ತಾನೆ. ನಿಂಬವ್ವನ ಊರಿನ ಪೆದ್ದ ಅವಳ ಹೊಟ್ಟೆಯಲ್ಲೇ ಹುಟ್ಟಿದ್ದ. ಹೆಸರು ಗುದ್ಲೆಪ್ಪ. ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಮಗ. ಅಂಥ ಮಗನೇ ಬೇಕೆಂದು ತಾನೇ ಹರಕೆ ಹೊತ್ತಿದ್ದು ನೆನಪಾದಾಗಲೆಲ್ಲ ನಿಂಬವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಕಾವಿಗೆ ಕೂತಿದ್ದ ಅವಳ ಹೇಂಟೆ ಕೋಳಿಯನ್ನು ಬೆಕ್ಕು ಎಳೆದೊಯ್ದಿತ್ತು. ತತ್ತಿಗಳನ್ನು ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಮೇಲೊಂದು ಬಲ್ಬು ಇಳಿಬಿಟ್ಟು, ಹೇಂಟೆಯ ಕೆಲಸವನ್ನು ಅವಳು ಕರೆಂಟಿಗೆ ವಹಿಸಿದ್ದಳು. ಇಂದೋ ನಾಳೆಯೋ ಮರಿ ಹೊರಬರಬೇಕು. ಬಲ್ಬು ಆರಿದರೆ ತತ್ತಿಯೂ ಆರಿತು, ಮರಿ ಉಳಿಯುವುದಿಲ್ಲ.

ಅದೇ ದಿನ ಗುದ್ಲೆಪ್ಪ ಗಡಿಯಾರ ತೂಗುಹಾಕಲು ಮೊಳೆ, ಸುತ್ತಿಗೆ ಹಿಡಿದ.

"ವಯರ್ ನೋಡಿ ಹೊಡಿ," ಎಂದಳು ನಿಂಬವ್ವ.

ಗುದ್ಲೆಪ್ಪ ಗೋಡೆಯ ಮೇಲಿನ ವಯರ್ ನೋಡಿದ. ಚೆನ್ನಾಗಿ ನೋಡಿದ. ನೋಡಿ ಹೊಡೆದ. ಚಟ್ ಎಂದಿತು. ವಯರ್ ತುಂಡಾಯಿತು, ಬಲ್ಬು ಆರಿತು.

"ನೋಡಿ ಹೊಡಿ ಅಂದ್ರ ವಯರಿಗೇ ಹೊಡೀತಾರೇನೋ?"

"ನೋಡೋದೊಂದು, ಹೊಡಿಯೋದೊಂದು ಹೆಂಗವ್ವಾ?"

"ಕೈ ಹಚ್ಚಬ್ಯಾಡ. ರಿಪೇರಿ ಅಂದ್ರ ಮೊದಲು ಮೇನ್ ಇಳಿಸಬೇಕು, ಆಮ್ಯಾಲೆ ಮುಟ್ಟಬೇಕು. ನೆನಪಿಡು."

ನಿಂಬವ್ವ ತಾನೇ ಮೇನ್ ಸ್ವಿಚ್ ಇಳಿಸಿದಳು. "ಈಗ ಆ ಎರಡು ತುದಿ ಕೂಡಿಸು," ಎಂದು ಹೇಳಿ, ತತ್ತಿಗಳಿಗೆ ಕಂಬಳಿ ಹೊದಿಸಲು ಹೋದಳು.

ಬಂದು ನೋಡಿದರೆ ವಯರನ್ನು ಗೋಡೆಯಿಂದ ಕಿತ್ತು, ಎರಡು ಮಣೆ ಹಾಕಿ, ಒಂದೊಂದರ ಮೇಲೆ ಒಂದೊಂದು ತುದಿ ಕೂಡಿಸಿದ್ದ. ಮುಂದೆ ಬೆಲ್ಲ, ತಂಬಿಗೆ ನೀರು.

"ಇದೇನೋ?"

"ಕೂಡಿಸು ಅಂದಿ, ಕೂಡಿಸೀನಿ. ಬರೇ ಕೂಡಿಸಿದ್ರ ಮರ್ಯಾದಿ ಅಲ್ಲಂತ ನೀರೂ ಕುಡಿಸೀನಿ."

"ವಯರೇನು ಬೀಗರೇನೋ ಮಬ್ಬಾ? ಕೂಡಿಸೋದಂದ್ರ ಜೋಡಿಸೋದು. ತಗಿ ಆ ನೀರು."

ಒದ್ದೆ ತುದಿ ಕತ್ತರಿಸಿ ನಿಂಬವ್ವ ತಾನೇ ಜೋಡಿಸಿದಳು. ಕಂಬಳಿಯೊಳಗೆ ಕೈಯಿಟ್ಟು ನೋಡಿದಳು. ತತ್ತಿಗಳ ಬಿಸಿ ಇಳಿಯುತ್ತಿತ್ತು.

"ಲಗೂನ ಆ ಕರಿ ಟೇಪ್ ತಗೊಂಡು ಸುತ್ತು. ನಾ ಸಾಕು ಅನ್ನೋತನಕ ಸುತ್ತು."

ಗುದ್ಲೆಪ್ಪ ಟೇಪು ತೆಗೆದುಕೊಂಡ. ಹೊಸ್ತಿಲು ದಾಟಿದ. ಊರ ಅಗಸಿ ಬಾಗಿಲು ಸುತ್ತಿದ, ಕೆರೆ ಸುತ್ತಿದ, ಬಸ್ ಸ್ಟ್ಯಾಂಡ್ ಸುತ್ತಿದ. ಎರಡನೆಯ ಸಲ ಅಗಸಿಗೆ ಬಂದಾಗ ನಿಂಬವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತ ಬಂದು, "ಸಾಕು ಬಾರೋ ನಮ್ಮಪ್ಪಾ," ಎಂದಳು.

"ಇನ್ನೂ ಸಂತಿ ಕಟ್ಟಿ ಉಳದಿತ್ತಲ್ಲವ್ವಾ."

"ಊರು ಸುತ್ತೋ ಟೇಪಲ್ಲೋ ಅದು. ಒಡದದ್ದು ಕಂಡ್ರ ಅದಕ್ಕ ಸುತ್ತೋದು. ಒಂದು ಸಂದೂ ಕಾಣಬಾರದು, ಹಂಗ ಸುತ್ತೋದು. ನೋಡಿ ಕಲಿ."

ಅವನ ಕಣ್ಣೆದುರೇ ಟೇಪು ಸುತ್ತಿ ಮೇನ್ ಏರಿಸಿದಳು. ಬಲ್ಬು ಹತ್ತಿತು. ತತ್ತಿಯೊಂದನ್ನು ಕಿವಿಗೆ ಹಿಡಿದಳು. ಒಳಗೆ ಟಕ್ ಟಕ್ ಎಂದಿತು, ಅವಳಿಗೂ ಜೀವ ಬಂತು. ಮರಿಗಳಿಗೆ ನುಚ್ಚು ತರಲು ಅಂಗಡಿಗೆ ಹೋದಳು.

ತಿರುಗಿ ಬಂದಾಗ ಮುಸ್ಸಂಜೆ. ಮನೆಯಲ್ಲಿ ಮತ್ತೆ ಕತ್ತಲೆ. ವಯರ್ ನೋಡಿದಳು, ಸರಿಯಿತ್ತು. ಮೇನ್ ನೋಡಿದಳು, ಇಳಿದಿತ್ತು. ಪೆಟ್ಟಿಗೆಯ ಮುಂದೆ ಗುದ್ಲೆಪ್ಪ ಕೂತಿದ್ದ. ಟೇಪಿನ ಸುರುಳಿ ಮುಗಿಯುತ್ತ ಬಂದಿತ್ತು. ಹೊಟ್ಟಿನ ಮೇಲೆ ಸಾಲಾಗಿ ಕರಿ ಕರಿ ತತ್ತಿಗಳು.

"ಏನು ಮಾಡಿದ್ಯೋ?"

"ನೀ ಹೋದ ಮ್ಯಾಲೆ ಒಂದೊಂದ ಒಡ್ಯಾಕ ಹತ್ತಿದ್ವು. ಮೊದಲು ಮೇನ್ ಇಳಿಸೀನಿ, ಆಮ್ಯಾಲೆ ಮುಟ್ಟೀನಿ. ಒಂದು ಸಂದೂ ಬಿಟ್ಟಿಲ್ಲ ನೋಡು."

ನಿಂಬವ್ವ ಅಲ್ಲೇ ಕೂತು ಟೇಪಿನ ತುದಿ ಹುಡುಕತೊಡಗಿದಳು. ಕರಿ ತತ್ತಿಯೊಳಗಿಂದ ಚಿಂವ್ ಚಿಂವ್ ಎಂದು ಕೇಳಿಸಿತು.

ಗುದ್ಲೆಪ್ಪ ಕಿವಿಗೊಟ್ಟ. "ಅವ್ವಾ, ಒಳಗ ಇನ್ನೂ ಕರೆಂಟ್ ಐತಿ," ಎಂದ. "ಮ್ಯಾಲೆ ಇನ್ನೊಂದು ಸುತ್ತು ಹಾಕ್ಲೇನು?"