ಕೆಂಚನ ಹೆಸರಿಲ್ಲದ ತೋರಣ

ಒಂದು ಕಾಡಿನಲ್ಲಿ ಒಂದು ಶಾಲೆ ಇತ್ತು. ಗೋಡೆ ಇಲ್ಲ, ಮಾಡು ಇಲ್ಲ. ಎರಡು ಹೊನ್ನೆ ಮರಗಳ ನಡುವೆ ಹಾದು ಒಳಗೆ ಬಂದರೆ ಅದೇ ಶಾಲೆ. ಹೆಡ್ ಮೇಷ್ಟ್ರು ಒಂದು ಮುದಿ ಕರಡಿ. ಇನ್ನು ಮಕ್ಕಳೋ, ಕೇಳಲೇಬೇಡಿ. ಒಬ್ಬರ ಬಾಲ ಒಬ್ಬರು ಎಳೆಯುವುದು, ಒಬ್ಬರ ಬುತ್ತಿ ಒಬ್ಬರು ಕದ್ದು ತಿನ್ನುವುದು, ಸಣ್ಣವರನ್ನು ಕೆಸರಿಗೆ ತಳ್ಳಿ ಕಿಸಕ್ಕನೆ ನಗುವುದು. ಮೇಷ್ಟ್ರು ಹುಣಸೆ ಬರಲು ಹಿಡಿದು ಬಾರಿಸಿ ಬಾರಿಸಿ ಸುಸ್ತಾದರು. ಏಟು ತಿಂದವರು ಕಣ್ಣೊರೆಸಿಕೊಂಡು ಮತ್ತೆ ಬಾಲ ಎಳೆಯಲು ಹೋಗುತ್ತಿದ್ದರು.

ಒಂದು ದಿನ ಮೇಷ್ಟ್ರು ಬರಲನ್ನು ಮುರಿದು ಹೊಳೆಗೆ ಎಸೆದರು. ಹೊನ್ನೆ ಮರಗಳ ನಡುವೆ ಒಂದು ನಾರಿನ ಹಗ್ಗ ಕಟ್ಟಿದರು. ಮಕ್ಕಳನ್ನು ಕೂರಿಸಿಕೊಂಡು ಹೇಳಿದರು:

"ಇವತ್ತಿಂದ ಇಲ್ಲಿ ಚಾಡಿ ಇಲ್ಲ. ಯಾರು ಏನು ತಪ್ಪು ಮಾಡಿದರು ಅಂತ ಯಾರೂ ನನ್ನ ಹತ್ತಿರ ಬರಬೇಡಿ. ಯಾರು ಏನು ಒಳ್ಳೆಯದು ಮಾಡಿದರು ಅಂತ ಕಂಡವರು ಸಂಜೆ ಎದ್ದು ನಿಂತು ಹೇಳಿ. ಮಾಡಿದವರೇ ಹೇಳಿಕೊಂಡರೆ ನಡೆಯುವುದಿಲ್ಲ. ಒಂದೊಂದು ಮಾತಿಗೂ ಒಳ್ಳೆಯದು ಮಾಡಿದವರ ಹೆಸರಲ್ಲಿ ಈ ಹಗ್ಗಕ್ಕೆ ಒಂದೊಂದು ಮಾವಿನೆಲೆ. ತೋರಣ ಈ ಮರದಿಂದ ಆ ಮರಕ್ಕೆ ತುಂಬಿದ ದಿನ ಇಡೀ ಶಾಲೆಗೆ ಜೇನುಬಂಡೆಯಲ್ಲಿ ಊಟ."

ಜೇನು ಎಂದರೆ ಯಾರಿಗೆ ಬೇಡ? ಮಕ್ಕಳು ಮೊದಮೊದಲು ಜೇನಿನ ಆಸೆಗೇ ಕಣ್ಣು ಬಿಟ್ಟು ನೋಡಿದರು. ಆಮೇಲೆ ನೋಡುವುದೇ ಅಭ್ಯಾಸವಾಯಿತು. ಕಡವೆ ಮರಿ ಬುತ್ತಿ ಹಂಚಿಕೊಂಡದ್ದನ್ನು ಮಂಗನ ಮರಿ ಹೇಳಿತು. ಮಂಗನ ಮರಿ ಅಳುವ ಮೊಲವನ್ನು ನಗಿಸಿದ್ದನ್ನು ಕಾಡುಕೋಳಿ ಹೇಳಿತು. ಬಾಲ ಎಳೆಯುವವರೇ ಕಡಿಮೆಯಾದರು. ಎಲ್ಲರಿಗೂ ಖುಷಿಯೋ ಖುಷಿ, ಒಬ್ಬನನ್ನು ಬಿಟ್ಟು.

ಅವನೇ ಕೆಂಚಳಿಲು. ಎಲ್ಲರೂ ಕೆಂಚ ಎನ್ನುತ್ತಿದ್ದರು. ಓಟದಲ್ಲಿ ಅವನೇ ಮೊದಲು, ಮರ ಹತ್ತುವುದರಲ್ಲಿ ಅವನೇ ಮೊದಲು, ಪಾಠ ಒಪ್ಪಿಸುವುದರಲ್ಲೂ ಅವನೇ. ಆದರೆ ತೋರಣದಲ್ಲಿ ಅವನ ಹೆಸರಿನ ಎಲೆ ಒಂದೂ ಇರಲಿಲ್ಲ. ಯಾರ ಎಲೆ ಹೆಚ್ಚಿತ್ತು ಗೊತ್ತೇ? ಮುಳ್ಳಿ ಎಂಬ ಮುಳ್ಳುಹಂದಿಯದು. ಓಡಲು ಬಾರದ, ಹತ್ತಲು ಬಾರದ, ಹತ್ತಿರ ಕೂತರೆ ಚುಚ್ಚುವ ಮುಳ್ಳಿ! ಸಂಜೆಯಾದರೆ ಸಾಕು, ಯಾರಾದರೊಬ್ಬರು ಎದ್ದು 'ಮುಳ್ಳಿ' ಎನ್ನುತ್ತಿದ್ದರು. ಆ ಹೆಸರು ಕಿವಿಗೆ ಬಿದ್ದರೆ ಕೆಂಚನಿಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಅವಳು ನಕ್ಕರೆ ಉರಿ, ಸುಮ್ಮನಿದ್ದರೂ ಉರಿ. ರಾತ್ರಿ ಗೂಡಿನಲ್ಲಿ ಮಲಗಿದರೂ ಅವಳ ಎಲೆಗಳೇ ಕಣ್ಣ ಮುಂದೆ. ತನ್ನ ಉಣಿಸು ತನಗೇ ರುಚಿಸದಾಯಿತು.

ಅವನೇನು ಸುಮ್ಮನೆ ಕೂತಿರಲಿಲ್ಲ. ಯಾರಾದರೂ ನೋಡುತ್ತಿದ್ದಾರೆಂದರೆ ಸಾಕು, ಬಿದ್ದ ಕಡ್ಡಿ ಎತ್ತುವನು. ನೋಡುವವರು ಆಚೆ ತಿರುಗಿದರೆ ಕಡ್ಡಿಯನ್ನು ಅಲ್ಲೇ ಬಿಸಾಡುವನು. ಮಕ್ಕಳ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ? ಯಾರೂ ಅವನ ಹೆಸರು ಎತ್ತಲಿಲ್ಲ. ತೋರಣ ತುಂಬುತ್ತಾ ಬಂತು. ಅದು ತುಂಬುವುದರೊಳಗೆ ತನ್ನ ಹೆಸರಿನ ಒಂದು ಎಲೆಯಾದರೂ ಅಲ್ಲಿ ಇರಲೇಬೇಕು, ಇಲ್ಲದಿದ್ದರೆ ಜೇನು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವನಿಗೆ ಅನಿಸಿತು.

ಶಾಲೆಗೆ ಬರುವ ದಾರಿಯಲ್ಲಿ ಒಂದು ಹಳ್ಳ. ಹಳ್ಳಕ್ಕೆ ಅಡ್ಡವಾಗಿ ಒಂದು ಮರದ ದಿಮ್ಮಿ. ದಾಟುವಾಗ ಹಿಡಿದುಕೊಳ್ಳಲು ಪಕ್ಕದಲ್ಲಿ ಒಂದು ಉದ್ದದ ಬಳ್ಳಿ ಬಿಗಿದಿದ್ದರು. ಕೆಂಚ ಒಂದು ಉಪಾಯ ಹೂಡಿದ. ಬಳ್ಳಿಯನ್ನು ಹಲ್ಲಿನಿಂದ ಕೊರೆದು ಒಂದೇ ಎಳೆ ಉಳಿಸುವುದು. ಮೊಲದ ಮರಿ ಹಿಡಿದಾಗ ಅದು ಹರಿಯುತ್ತದೆ. ಮರಿ ಜಾರುತ್ತದೆ. ತಾನು ಕೊಂಬೆಯಿಂದ ಹಾರಿ ಕಿವಿ ಹಿಡಿದು ಎತ್ತುವುದು. ಕಂಡು ಹೇಳಲು ಒಬ್ಬರು ಬೇಕಲ್ಲ, ಅದಕ್ಕೆ ಗಿಳಿಯನ್ನು ಎದುರಿನ ಮರದಲ್ಲಿ ಕಾದಿರಲು ಹೇಳಿದ. ಎಂಥಾ ತಲೆ ನೋಡಿ! ಅಷ್ಟು ತಲೆಯನ್ನು ಒಂದು ಒಳ್ಳೆಯ ಕೆಲಸಕ್ಕೆ ಓಡಿಸಿದ್ದರೆ ಎಷ್ಟು ಎಲೆ ಸಿಗುತ್ತಿತ್ತೋ.

ಬೆಳಗ್ಗೆ ಬಳ್ಳಿ ಕೊರೆದು ಕೊಂಬೆಯ ಮೇಲೆ ಕೂತ. ಮಕ್ಕಳು ಬರುವ ಹೊತ್ತಿಗೆ ಮೇಲಿನ ಗುಡ್ಡದಲ್ಲಿ ಸುರಿದ ಮಳೆಯ ನೀರು ಹಳ್ಳಕ್ಕೆ ನುಗ್ಗಿತು. ಕೆಂಪು ನೀರು ಭೋರೆಂದು ದಿಮ್ಮಿಯ ಅಡಿ ಮುಟ್ಟಿತು. ಅತ್ತ ಗಿಳಿ ಕಾದು ಕಾದು ಬೇಸತ್ತು ಪೇರಲೆ ಹಣ್ಣು ತಿನ್ನಲು ಹೋಗಿಯಾಗಿತ್ತು. ಇತ್ತ ಮುಳ್ಳಿ ಮೊಲದ ಮರಿಗಳನ್ನು ಕರೆದುಕೊಂಡು ಬಂದಳು. ದಿಮ್ಮಿ ಗಟ್ಟಿ ಇದೆಯೇ ಎಂದು ತಾನೇ ಮೊದಲು ದಾಟಿ ನೋಡಿದಳು. ಬಳ್ಳಿಗೆ ತನ್ನ ಮುಳ್ಳು ಸಿಕ್ಕಿಕೊಳ್ಳುತ್ತದೆಂದು ಅವಳು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಆಚೆ ದಡದಿಂದ ಮರಿಗಳನ್ನು ಕರೆದಳು. ಎಲ್ಲಕ್ಕಿಂತ ಸಣ್ಣ ಮರಿ ದಿಮ್ಮಿಯ ಮೇಲೆ ಕಾಲಿಟ್ಟು ಬಳ್ಳಿಗೆ ಕೈ ಚಾಚಿತು.

ಕೆಂಚ ನೀರನ್ನು ನೋಡಿದ. ಮರಿಯನ್ನು ನೋಡಿದ. ಈ ನೀರಿಗೆ ಬಿದ್ದರೆ ಕಿವಿಯೂ ಸಿಗುವುದಿಲ್ಲ ಎಂದು ಆಗ ಅವನಿಗೆ ಹೊಳೆಯಿತು.

"ಬಳ್ಳಿ ಹಿಡೀಬೇಡ, ಹಿಂದೆ ಹೋಗು!" ಎಂದು ಕಿರುಚಿ ಕೆಳಗೆ ಹಾರಿದ. ಹಾರಿ ಬಿದ್ದದ್ದು ಎಲ್ಲಿ? ಅದೇ ಬಳ್ಳಿಯ ಮೇಲೆ. ಬಳ್ಳಿ ಪಟ್ಟೆಂದು ಹರಿಯಿತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಎನ್ನುತ್ತಾರಲ್ಲ, ಹಾಗೆ ಕೆಂಚ ನೀರುಪಾಲಾದ. ಮರಿಗಳು ಹೆದರಿ ತಿರುಗಿ ನೋಡದೆ ಓಟ ಕಿತ್ತವು.

ಒಂದು ಬೇರಿಗೆ ಕೈ ಸಿಕ್ಕಿ ಕೆಂಚ ಜೋತುಬಿದ್ದ. ಬೇರು ಜಾರುತ್ತಿತ್ತು. ಮುಳ್ಳಿ ದಡದ ಕಲ್ಲನ್ನು ಅಪ್ಪಿಕೊಂಡು, ಹಿಂಬದಿಯನ್ನು ನೀರಿಗೆ ಚಾಚಿ, ಹಿಡಿದುಕೋ ಎಂದಳು. ಹಿಡಿಯಲು ಮುಳ್ಳಲ್ಲದೆ ಇನ್ನೇನಿದೆ? ಇಷ್ಟು ದಿನ ಯಾರನ್ನು ಕಂಡರೆ ಮೈ ಉರಿಯುತ್ತಿತ್ತೋ ಅವಳ ಮುಳ್ಳನ್ನೇ ಕೆಂಚ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ಅಂಗೈ ತುಂಬಾ ಚುಚ್ಚಿತು. ಅವಳ ಕೆಲವು ಮುಳ್ಳು ಕಿತ್ತೇ ಬಂದವು. ಅವಳು ಹಲ್ಲು ಕಚ್ಚಿಕೊಂಡು ಅವನನ್ನು ಮೇಲಕ್ಕೆ ಎಳೆದಳು.

ದಡದಲ್ಲಿ ಹರಿದ ಬಳ್ಳಿಯ ತುದಿ ಬಿದ್ದಿತ್ತು. ಅದರ ಮೇಲೆ ಹಲ್ಲಿನ ಗುರುತು ಸ್ಪಷ್ಟವಾಗಿತ್ತು. ಮುಳ್ಳಿ ಅದನ್ನು ನೋಡಿದಳು, ಆಮೇಲೆ ಕೆಂಚನ ಮುಖ ನೋಡಿದಳು. ದಿಮ್ಮಿ ದಾಟಿ ಮರಿಗಳನ್ನು ಹುಡುಕಲು ಹೋದಳು.

ಸಂಜೆಯವರೆಗೆ ಕೆಂಚನಿಗೆ ಜೀವದಲ್ಲಿ ಜೀವವಿಲ್ಲ. ಕಂಡವರು ಏಳಿ ಎಂದು ಮೇಷ್ಟ್ರು ಹೇಳಿದಾಗ ಮುಳ್ಳಿಯೇ ಎದ್ದಳು. ಮುಗಿಯಿತು ನನ್ನ ಕಥೆ ಎಂದುಕೊಂಡ ಕೆಂಚ.

"ಬಳ್ಳಿ ಹರಿಯುವ ಹಾಗಿತ್ತು. ಕೆಂಚ ಕೂಗಿ ಮೊಲದ ಮರಿಯನ್ನು ಉಳಿಸಿದ. ನೀರಿಗೆ ಬೀಳುತ್ತೇನೆ ಅಂತಲೂ ನೋಡಲಿಲ್ಲ. ನಾನು ಕಂಡ ಒಳ್ಳೆಯದು ಇಷ್ಟು," ಎಂದಳು ಮುಳ್ಳಿ.

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾವಿನೆಲೆ ಚಾಚಿದರು. ಎಷ್ಟು ದಿನದಿಂದ ಅವನು ಆಸೆಪಟ್ಟಿದ್ದ ಎಲೆ! ಕೆಂಚನ ಕೈ ಮುಂದೆ ಹೋಗಲಿಲ್ಲ. ಅವನಿಗೆ ನಾಚಿಕೆಯಾಯಿತು. ತಪ್ಪನ್ನು ಬೇರೆ ಯಾರೂ ಹೇಳುವ ಹಾಗಿಲ್ಲ ಎಂದಮೇಲೆ ಹೇಳಬೇಕಾದವನು ತಾನೊಬ್ಬನೇ.

"ಬಳ್ಳಿ ಕೊರೆದವನು ನಾನೇ, ಮೇಷ್ಟ್ರೇ. ಎಲೆಗೋಸ್ಕರ ಕೊರೆದೆ. ಮುಳ್ಳಿಯ ಹೆಸರು ಕೇಳಿ ಕೇಳಿ ಹೊಟ್ಟೆ ಉರಿಯುತ್ತಿತ್ತು. ಅವಳಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ನನ್ನ ಒಳ್ಳೆಯದನ್ನೇ ಹೇಳಿದಳು. ಬೆನ್ನಿನ ಮುಳ್ಳು ಕಿತ್ತುಹೋದರೂ ನನ್ನನ್ನು ನೀರಿಂದ ಎಳೆದವಳು ಅವಳು. ಇದು ನಾನು ಕಂಡದ್ದು," ಎಂದ.

ಮೊಲದ ತಾಯಿಗೆ ಏನು ಹೇಳುತ್ತೀಯೋ ನೀನೇ ಹೋಗಿ ಹೇಳು ಎಂದರು ಮೇಷ್ಟ್ರು. ಹೊಸ ಬಳ್ಳಿ ಹೊಸೆದು ಕಟ್ಟುವವರೆಗೆ ಸಣ್ಣವರನ್ನೆಲ್ಲ ಹಳ್ಳ ದಾಟಿಸುವ ಕೆಲಸವೂ ಅವನದೇ, ಅಲ್ಲಿಯವರೆಗೆ ಜೇನುಬಂಡೆಯ ಮಾತಿಲ್ಲ ಎಂದರು. ಮಕ್ಕಳು ಗೊಣಗಿದರು. ಕೆಂಚ ತಲೆ ತಗ್ಗಿಸಿ ಕೇಳಿಸಿಕೊಂಡ.

ಆಮೇಲೆ ಮೇಷ್ಟ್ರು ಅದೇ ಎಲೆಯನ್ನು ಮತ್ತೆ ಚಾಚಿ, "ಇದು ಈಗ ಮುಳ್ಳಿಯ ಎಲೆ. ಅವಳಿಗೆ ಮರ ಹತ್ತಲು ಬರುವುದಿಲ್ಲ. ನೀನೇ ಸಿಕ್ಕಿಸು," ಎಂದರು.

ಕೆಂಚ ನೋಯುವ ಕೈಯಲ್ಲಿ ಎಲೆ ಹಿಡಿದು ಹೊನ್ನೆ ಮರ ಹತ್ತಿದ. ಮುಳ್ಳಿಯ ಹೆಸರಿನ ಎಲೆಯನ್ನು ತೋರಣಕ್ಕೆ ಜೋಪಾನವಾಗಿ ಸಿಕ್ಕಿಸಿದ. ಅವಳ ಹೆಸರನ್ನು ಗಟ್ಟಿಯಾಗಿ ಕೂಗಿದ. ಹೊಟ್ಟೆ ಉರಿಯಲಿಲ್ಲ.

ನೀತಿ: ಇನ್ನೊಬ್ಬರ ಒಳ್ಳೆಯ ಹೆಸರಿಗೆ ಹೊಟ್ಟೆಕಿಚ್ಚು ಪಟ್ಟರೆ ಮೊದಲು ಮುಳುಗುವವರು ನಾವೇ. ಕಂಡ ಒಳ್ಳೆಯದನ್ನು ಬಾಯಿಬಿಟ್ಟು ಹೇಳಿದರೆ ಅವರಿಗೂ ಒಳಿತು, ನಮಗೂ ನೆಮ್ಮದಿ.