ಬಂಡೆಯ ಮೇಲಿನ ನ್ಯಾಯ

ಬೆಟ್ಟದ ತುದಿಯ ಬಂಡೆಯ ಮೇಲೆ ಕುಳಿತು ಹದ್ದು ಕಾಡಿಗೆಲ್ಲ ನ್ಯಾಯ ಹೇಳುತ್ತಿತ್ತು. ತನ್ನ ಮೊಟ್ಟೆಗಳನ್ನು ಉಡ ತಿಂದಿತೆಂದು ಹೊಳೆಯ ಆಮೆ ಕೊಕ್ಕರೆಯ ಮೂಲಕ ದೂರು ಕಳಿಸಿ, ವಿಚಾರಣೆಗೆಂದು ಬೆಟ್ಟ ಹತ್ತತೊಡಗಿತು. ಅದು ತುದಿ ಮುಟ್ಟುವಷ್ಟರಲ್ಲಿ ಉಡ ಗೆದ್ದು ಇಳಿದುಹೋಗಿತ್ತು.

“ಕೂಗಿದಾಗ ನೀನಿರಲಿಲ್ಲ. ದೂರು ವಜಾ ಆಯಿತು,” ಎಂದಿತು ಹದ್ದು.

“ಕೂಗಿದ್ದು ಕೇಳಿಸಿತು, ಸ್ವಾಮಿ. ಆಗಿನ್ನೂ ಅರ್ಧ ಬೆಟ್ಟದಲ್ಲಿದ್ದೆ.”

“ಹೊಳೆಯವರು ಯಾರೂ ಈವರೆಗೆ ಇಲ್ಲಿಗೆ ಬಂದಿಲ್ಲ. ಅಲ್ಲಿ ಅನ್ಯಾಯವೇ ಇಲ್ಲವೆಂದು ನಾನು ಹೆಮ್ಮೆಪಡುತ್ತಿದ್ದೆ.”

“ಅನ್ಯಾಯ ಇತ್ತು, ಸ್ವಾಮಿ. ನಮಗೆ ರೆಕ್ಕೆ ಇರಲಿಲ್ಲ.”

ಹದ್ದು ತಲೆ ತಗ್ಗಿಸಿತು. ಮರುದಿನ ತಾನೇ ಹೊಳೆಯ ದಂಡೆಗೆ ಇಳಿದು, ವಿಚಾರಣೆಯನ್ನು ಮತ್ತೆ ನಡೆಸಿ, ಉಡವನ್ನು ಅಲ್ಲಿಂದ ಓಡಿಸಿತು. ಆಮೆ ವಂದಿಸಿತು. ಆದರೆ ಹದ್ದಿಗೆ ಅದರ ಮುಖ ನೋಡಲಾಗಲಿಲ್ಲ. ಮರಳಿನ ತುಂಬ ಎಷ್ಟೋ ವರ್ಷಗಳ ಒಡೆದ ಮೊಟ್ಟೆಯ ಸಿಪ್ಪೆಗಳು ಬಿದ್ದಿದ್ದವು.