ಹುಳಿ ಹೊತ್ತು ಹೋದ ಸೋಡಾ

ನೆಲಕ್ಕೆ ಇನ್ನೂ ಹುಲ್ಲು ಬಂದಿರಲಿಲ್ಲ, ಬಾನಿಗೆ ಹಕ್ಕಿ ಬಂದಿರಲಿಲ್ಲ, ಆಗಿನ ಮಾತು ಇದು. ಒಂದು ಬಂಡೆಯ ಕುಳಿಯಲ್ಲಿ ಅಂಗೈಯಗಲ ನೀರು ನಿಂತಿತ್ತು. ಅದರಲ್ಲಿ ಕುಳಿಯವ್ವ ಎಂಬ ಜೀವಕೋಶ ಇದ್ದಳು. ಕಣ್ಣಿಗೆ ಕಾಣದಷ್ಟು ಪುಟ್ಟವಳು. ಆದರೂ ಅವಳಿಗೆ ಮನೆ ತುಂಬ ಮಕ್ಕಳು.

ಮಕ್ಕಳು ಉಂಡವು, ಬೆಳೆದವು. ಉಂಡವರು ಒಂದಿಷ್ಟು ಹುಳಿಯನ್ನು ಹೊರಗೆ ಹಾಕಲೇಬೇಕು, ಅದು ಜೀವದ ನೇಮ. ಕುಳಿಗೆ ಬಾಗಿಲಿರಲಿಲ್ಲ. ಹಾಕಿದ ಹುಳಿ ಅಲ್ಲೇ ಉಳಿಯಿತು. ನೀರೆಲ್ಲ ಹುಳಿಯಾಗಿ ಮಕ್ಕಳು ಒಂದೊಂದಾಗಿ ಮುದುಡಿಕೊಂಡವು.

ಕುಳಿಯವ್ವ ಗಟ್ಟಿಗಿತ್ತಿ, ಆದರೆ ಅವಳದು ಅಡುಗೆಮನೆಯ ಬುದ್ಧಿ. ಸಾರು ಹುಳಿಯಾದರೆ ನಾವು ಏನು ಮಾಡುತ್ತೇವೆ? ಬೆಲ್ಲ ಹಾಕುತ್ತೇವೆ. ಅವಳೂ ಗಾಳಿಯನ್ನು ಕಾಡಿ ಬೇಡಿ ಸಿಹಿ ತರಿಸಿ ನೀರಿಗೆ ಹಾಕಿದಳು. ಮಕ್ಕಳು ಅದನ್ನು ಗಬಗಬ ತಿಂದು ಇನ್ನಷ್ಟು ಹುಳಿ ಬಿಟ್ಟವು. ನಾಲಿಗೆಗೆ ಮಾಡುವ ಮದ್ದು ನೀರಿಗೆ ನಾಟುತ್ತದೆಯೇ? ಆ ದಿನ ಅರ್ಧ ಮನೆ ಬರಿದಾಯಿತು.

ಆಮೇಲೆ ಒಂದು ಹರಳು ಸುಣ್ಣ ಬಂತು. ಹುಳಿಯ ಹುಟ್ಟಡಗಿಸುತ್ತೇನೆಂದು ಧುಮುಕಿತು. ಹುಳಿ ಅಡಗಿತು ನಿಜ, ಹತ್ತಿರವಿದ್ದ ಮಕ್ಕಳ ಮೈಯೂ ಸುಟ್ಟಿತು. ಉಳಿದವು ಉಂಡವು, ಹುಳಿ ಮತ್ತೆ ಏರಿತು. ಕುಳಿಯವ್ವನಿಗೆ ಇನ್ನು ಯಾರನ್ನು ಕೇಳುವುದೆಂದು ತಿಳಿಯಲಿಲ್ಲ.

ಕುಳಿಯ ಅಂಚಿನಲ್ಲಿ ಸೋಡಾ ಎಂಬ ಬಿಳಿ ಉಪ್ಪು ಕೂತಿತ್ತು. ಅದನ್ನು ಅಲ್ಲಿಯವರೆಗೆ ಯಾರೂ ಮಾತಾಡಿಸಿರಲಿಲ್ಲ. ಕೊನೆಗೆ ಕುಳಿಯವ್ವ ಅದನ್ನೇ ಕರೆದು ಕೇಳಿದಳು. ತನಗೆ ಜಗಳ ಬರುವುದಿಲ್ಲ ಎಂದು ಅದು ಮೊದಲೇ ಹೇಳಿತು. ಹುಳಿ ಹುಟ್ಟಿದ ಹಾಗೆಲ್ಲ ತನ್ನದೊಂದು ಕಣ ಹೋಗಿ ಅದರ ಕೈ ಹಿಡಿಯುತ್ತದೆ, ಹಿಡಿದು ಗುಳ್ಳೆಯಾಗಿ ಗಾಳಿಗೆ ಸೇರುತ್ತದೆ, ಅಷ್ಟೇ ತನಗೆ ಗೊತ್ತಿರುವ ಕೆಲಸ ಎಂದಿತು.

"ಹಾಗೆ ಗಾಳಿಗೆ ಹೋದ್ಮೇಲೆ ನೀವು ವಾಪಸ್ ಬರ್ತೀರಾ?" ಎಂದು ಕೇಳಿದಳು ಕುಳಿಯವ್ವ.

"ಇಲ್ಲ ಕಣವ್ವ. ನಾನು ಮುಗಿಯೋದ್ರೊಳಗೆ ಬೇರೆ ಸೋಡಾ ತಂದಿಡು. ಮರೆತ್ಯೋ, ಮತ್ತೆ ಹುಳೀದೇ ರಾಜ್ಯ."

ಕುಳಿಯವ್ವ ಅತ್ತಳು. ಅತ್ತು, ದಾರಿ ಬಿಟ್ಟಳು. ಸೋಡಾ ನೀರಿಗಿಳಿಯಿತು. ಕುಳಿ ಸಣ್ಣಗೆ ಬುಸುಗುಟ್ಟಿತು. ನೀರು ಹುಳಿಯೂ ಆಗಲಿಲ್ಲ, ಮೈಯನ್ನು ಸುಡಲೂ ಇಲ್ಲ. ಸಂಜೆಯ ಹೊತ್ತಿಗೆ ಎಲ್ಲರಿಗಿಂತ ಸಣ್ಣ ಮಗು ಮುದುಡಿದ ಮೈ ಬಿಡಿಸಿತು. ಅಂಚಿನಲ್ಲಿ ಸೋಡಾ ಕೂತಿದ್ದ ಜಾಗ ಖಾಲಿಯಾಗಿತ್ತು. ಕುಳಿಯವ್ವ ಆಗಲೇ ಬೇರೆ ಸೋಡಾ ಹುಡುಕಲು ಹೊರಟಿದ್ದಳು.

ನಿನ್ನ ಈ ಅಜ್ಜಿಯೂ ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಅವಳ ವಂಶದವರನ್ನು ಗಾಜಿನ ತಟ್ಟೆಯಲ್ಲಿ ಸಾಕಿದವಳು. ಅವರನ್ನು ಸಾಕುವ ನೀರಿಗೆ ಸೋಡಾ ಜೊತೆ ಹುಳಿ ತೋರಿಸುವ ಬಣ್ಣವನ್ನೂ ಬೆರೆಸಿರುತ್ತಿದ್ದೆವು; ಗುಲಾಬಿ ಬಣ್ಣದ ಆ ನೀರು ಹಳದಿಗೆ ತಿರುಗಿದರೆ ಸೋಡಾ ಮುಗಿಯುತ್ತಿದೆ ಎಂದು ಅರ್ಥ. ಉಣ್ಣುವ ಕೈ ತೊಳೆದು ಓಡಿ ಹೊಸ ನೀರು ಹಾಕುತ್ತಿದ್ದೆ. ಒಂದೇ ಒಂದು ಸಲ ಮರೆತೆ. ಆ ಹಳದಿ ತಟ್ಟೆಯಲ್ಲಿ ಒಬ್ಬರೂ ಉಳಿಯಲಿಲ್ಲ.

ಅದಕ್ಕೇ ಮಗೂ, ಇವತ್ತಿಗೂ ನೀನು ಅಡುಗೆ ಸೋಡಾದ ಮೇಲೆ ನಿಂಬೆಹಣ್ಣು ಹಿಂಡಿದರೆ ಅದು ಬುಸ್ಸೆಂದು ನೊರೆಯುಕ್ಕಿಸಿ, ಹುಳಿಯ ಕೈ ಹಿಡಿದು, ತಾನೂ ಇಲ್ಲವಾಗುತ್ತದೆ.